ಹೊಟ್ಟೆಯ ಕಿಂಡಿ, ಮೂತಿಯಡಿಯ ಗಾಲಿ

ಜೆ-10ಸಿ ಎಂಬ ಹೆಸರು ಹೊತ್ತು ಶಿಕಾರಿಪುರ, ಸೊರಬದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುವ ಎಷ್ಟೋ ಚಿತ್ರಗಳಲ್ಲಿ ಇರುವುದು ಜೆ-10ಎ. 2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರದ ದಿನಗಳಲ್ಲಿ, ಈ ಚೀನೀ ಯುದ್ಧವಿಮಾನದ ಹೆಸರು ನಮ್ಮ ಚಹಾ ಅಂಗಡಿಗಳವರೆಗೂ ಬಂತು. ಹಳೆಯ ವಿಡಿಯೊಗಳು, ಕಂಪ್ಯೂಟರ್ ಗೇಮಿನ ತುಣುಕುಗಳು ಕೂಡ ಯುದ್ಧದ ದೃಶ್ಯಗಳೆಂದು ಹರಿದಾಡಿದವು. ಎ ಆದರೇನು, ಸಿ ಆದರೇನು, ಎರಡೂ ಚೀನಾದ್ದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಹಾಗಲ್ಲ. ಪಾಕಿಸ್ತಾನ 2022ರ ಮಾರ್ಚ್‌ನಲ್ಲಿ ತನ್ನ ವಾಯುಪಡೆಗೆ ಸೇರಿಸಿಕೊಂಡದ್ದು ಸಿ ಮಾದರಿಯ ರಫ್ತು ರೂಪವಾದ ಜೆ-10ಸಿಇ. ಅದರ ಮೂತಿಯೊಳಗೆ ಎಇಎಸ್‌ಎ, ಅಂದರೆ ತಿರುಗದೆಯೇ ಅಲೆಗಳನ್ನು ಬೇಕಾದ ದಿಕ್ಕಿಗೆ ಹಾಯಿಸುವ, ರೇಡಾರ್ ಇದೆ. ಅದು ಹೊರುವ ಪಿಎಲ್-15 ಕ್ಷಿಪಣಿಯ ಅವಶೇಷ ಪಂಜಾಬಿನ ಹೋಶಿಯಾರ್‌ಪುರದ ಕಡೆ ಸಿಕ್ಕಿತ್ತು. ಜೆ-10ಎ ಪಾಕಿಸ್ತಾನದ ಬಳಿ ಇಲ್ಲವೇ ಇಲ್ಲ. ಆದ್ದರಿಂದ ಜೆ-10ಎ ಚಿತ್ರದ ಕೆಳಗೆ ಪಾಕಿಸ್ತಾನದ ವಿಮಾನ ಎಂದು ಬರೆದಿದ್ದರೆ, ಆ ಬರಹ ಸುಳ್ಳು ಎಂದು ಅಲ್ಲಿಗೇ ತೀರ್ಮಾನಿಸಬಹುದು.

ಗುರುತು ಹಿಡಿಯುವುದು ಹೇಗೆ? ವಿಮಾನದ ಹೊಟ್ಟೆ ನೋಡಿ. ಜೆ-10ರ ಎಂಜಿನ್ನಿಗೆ ಗಾಳಿ ಹೋಗುವ ಬಾಯಿ, ಅಂದರೆ ಇನ್‌ಟೇಕ್, ಹೊಟ್ಟೆಯ ಕೆಳಗಿದೆ. ಜೆ-10ಎಯಲ್ಲಿ ಆ ಬಾಯಿ ಚೌಕಾಕಾರ. ಅದರ ಮೇಲಂಚು ಹೊಟ್ಟೆಗೆ ಅಂಟಿಕೊಂಡಿಲ್ಲ. ನಡುವೆ ಒಂದು ಕಿಂಡಿ, ಕಿಂಡಿಯಲ್ಲಿ ಆಧಾರಕ್ಕೆ ಕೊಟ್ಟ ಸಣ್ಣ ಸಣ್ಣ ಪಟ್ಟಿಗಳು. ಪಕ್ಕದಿಂದ ತೆಗೆದ ಚಿತ್ರವಾದರೆ ಕಿಂಡಿಯಾಚೆಯ ಬೆಳಕು ಕೂಡ ಕಾಣುತ್ತದೆ. ಬಿ ಮತ್ತು ಸಿ ಮಾದರಿಗಳಲ್ಲಿ ಈ ಕಿಂಡಿ ಇಲ್ಲ. ಅದರ ಜಾಗದಲ್ಲಿ ಹೊಟ್ಟೆಯೇ ಸ್ವಲ್ಪ ಉಬ್ಬಿ ಬಾಯೊಳಕ್ಕೆ ಇಳಿದಿರುತ್ತದೆ.

ಕಿಂಡಿ ಯಾಕಿತ್ತು, ಯಾಕೆ ಹೋಯಿತು ಎಂದು ತಿಳಿದವರಿಗೆ ಈ ಗುರುತು ಮತ್ತೆ ಮರೆಯುವುದಿಲ್ಲ. ಹಾರುವ ವಿಮಾನದ ಮೈಗೆ ತಾಗಿಕೊಂಡ ಗಾಳಿಯ ಪದರ ನಿಧಾನವಾಗಿ, ಕಲಕಿಕೊಂಡು ಹರಿಯುತ್ತದೆ. ಅದು ಎಂಜಿನ್ನಿಗೆ ಹೋದರೆ ಎಂಜಿನ್ ತಡವರಿಸುತ್ತದೆ. ಆ ಪದರವನ್ನು ಬೇರೆ ದಾರಿಗೆ ಕಳಿಸಲೆಂದೇ ಹಳೆಯ ವಿನ್ಯಾಸದಲ್ಲಿ ಕಿಂಡಿ ಬಿಡುತ್ತಿದ್ದರು. ಬಾಯಿಯ ಎದುರು ಸರಿಯಾದ ಆಕಾರದ ಒಂದು ಉಬ್ಬು ಇಟ್ಟರೆ ಅದೇ ಆ ಪದರವನ್ನು ಪಕ್ಕಕ್ಕೆ ತಳ್ಳುತ್ತದೆ ಎಂಬುದನ್ನು ಅಮೆರಿಕದವರು 1996ರಲ್ಲಿ ಎಫ್-16 ಮೇಲೆ ಹಾರಿಸಿ ತೋರಿಸಿದರು. ಕಿಂಡಿ ಬೇಡ, ಒಳಗೆ ಆಡುವ ಹಲಗೆ ಬೇಡ, ತೂಕ ಕಡಿಮೆ, ಶತ್ರುವಿನ ರೇಡಾರಿಗೆ ಮರಳುವ ಅಲೆಯೂ ಕಡಿಮೆ. ಚೀನಾ ಇದನ್ನು ಪಾಕಿಸ್ತಾನದ ಜೊತೆ ಕಟ್ಟಿದ ಜೆಎಫ್-17ಕ್ಕೂ ಹಾಕಿತು, ಜೆ-10ಬಿಗೂ ಹಾಕಿತು.

ಇನ್ನೊಂದು ಗುರುತು ಪೈಲಟ್ಟಿನ ಗಾಜಿನ ಮುಂದಿದೆ. ಬಿ, ಸಿ ಮಾದರಿಗಳಲ್ಲಿ ಅಲ್ಲೊಂದು ಗುಂಡು ಕಣ್ಣು ಇರುತ್ತದೆ. ಎದುರಾಳಿಯ ಶಾಖವನ್ನು ಕಂಡುಹಿಡಿಯುವ ಸಾಧನ ಅದು, ಎಯಲ್ಲಿ ಇಲ್ಲ. ಆದರೆ ಬಿಗೂ ಸಿಗೂ ಇರುವ ವ್ಯತ್ಯಾಸದಲ್ಲಿ ಹೆಚ್ಚಿನದು ಒಳಗಿನದು. ಮಸುಕು ಚಿತ್ರ ನೋಡಿ ಇದು ಸಿಯೇ ಎಂದು ಘಂಟಾಘೋಷವಾಗಿ ಹೇಳುವವರನ್ನು ನಾನು ನಂಬುವುದಿಲ್ಲ. ಬಿ ಇರಬಹುದು, ಸಿ ಇರಬಹುದು ಎನ್ನುವವರೇ ನಿಜವಾಗಿ ಚಿತ್ರ ನೋಡಿದವರು.

ಸೊರಬದ ಗುಡವಿಗೆ ಹಕ್ಕಿ ನೋಡಲು ಹೋಗುವವರಿಗೆ ಇಂಥ ನೋಟ ಹೊಸದಲ್ಲ. ಮಧ್ಯಮ ಬೆಳ್ಳಕ್ಕಿಯ ಹಳದಿ ಕೊಕ್ಕು ಮರಿ ಮಾಡುವ ಕಾಲದಲ್ಲಿ ಕಪ್ಪಾಗಿ, ಚಿಕ್ಕ ಬೆಳ್ಳಕ್ಕಿಯ ಕೊಕ್ಕಿನಂತೆ ಕಾಣತೊಡಗುತ್ತದೆ. ಬಲ್ಲವರು ಕೊಕ್ಕು ಬಿಟ್ಟು ಪಾದ ನೋಡುತ್ತಾರೆ: ಕಪ್ಪು ಕಾಲಿಗೆ ಹಳದಿ ಪಾದವಿದ್ದರೆ ಚಿಕ್ಕ ಬೆಳ್ಳಕ್ಕಿ. ವಿಮಾನದಲ್ಲೂ ಬಣ್ಣ, ಬಾಲದ ಮೇಲಿನ ಸಂಖ್ಯೆ, ರೆಕ್ಕೆಯಡಿಯ ಕ್ಷಿಪಣಿ ಇವೆಲ್ಲ ಬದಲಾಗುವಂಥವು. ಎಂಜಿನ್ನಿನ ಬಾಯಿ, ಗಾಲಿ, ಬೆನ್ನು ಹಾಗಲ್ಲ. ವಿನ್ಯಾಸವನ್ನೇ ತಿದ್ದದೆ ಅವನ್ನು ಬದಲಿಸಲಾಗದು.

ಚೀನೀ ವಿಮಾನಗಳು ಯಲಹಂಕದ ಏರೋ ಇಂಡಿಯಾ ಪ್ರದರ್ಶನಕ್ಕೆ ಬರುವುದಿಲ್ಲ. 2025ರ ಫೆಬ್ರುವರಿಯಲ್ಲಿ ರಷ್ಯಾದ ಸುಖೋಯ್-57, ಅಮೆರಿಕದ ಎಫ್-35 ಎರಡೂ ಅಲ್ಲಿ ಬಂದು ನಿಂತಿದ್ದವು. ಚೀನಾದ ವಿಮಾನ ನೋಡಲು ನಮಗಿರುವುದು ಹೆಚ್ಚಾಗಿ ಅಲ್ಲಿನ ಜುಹಾಯ್ ವಿಮಾನ ಪ್ರದರ್ಶನದ ಚಿತ್ರಗಳು. ಆದರೂ ಯಲಹಂಕದಲ್ಲಿ ಪಳಗಿದ ಕಣ್ಣು ವ್ಯರ್ಥವಾಗದು. ಅಲ್ಲಿ ಹಾರುವ ನಮ್ಮ ಸುಖೋಯ್-30 ಎಂಕೆಐ ಮತ್ತು ಚೀನಾದ ಜೆ-11, ಜೆ-15, ಜೆ-16 ಎಲ್ಲವೂ ಸೋವಿಯೆತ್ ಕಾಲದ ಸುಖೋಯ್-27ರ ಸಂತತಿ. ನಮ್ಮ ಎಂಕೆಐಗೆ ಪೈಲಟ್ಟಿನ ಹಿಂದೆ, ದೊಡ್ಡ ರೆಕ್ಕೆಯ ಮುಂದೆ, ಕೆನಾರ್ಡ್ ಎಂಬ ಪುಟ್ಟ ರೆಕ್ಕೆಗಳಿವೆ. ಎಂಜಿನ್ನಿನ ಹಿಂಬದಿಯ ಕೊಳವೆ ತಿರುಗುತ್ತದೆ. ಜೆ-16ರಲ್ಲಿ ಎರಡೂ ಇಲ್ಲ. ಇಬ್ಬರು ಕೂರುವ ಸುಖೋಯ್ ಕಂಡು, ಕೆನಾರ್ಡ್ ಕಾಣದಿದ್ದರೆ ಅದು ನಮ್ಮದಲ್ಲ.

ಜೆ-16ಕ್ಕೂ ಇಬ್ಬರು ಕೂರುವ ಜೆ-11ಬಿಎಸ್‌ಗೂ ನಡುವೆ ಗೊಂದಲ ಬಂದರೆ ಮೂತಿಯಡಿಯ ಗಾಲಿ ಎಣಿಸಿ. ಜೆ-11ಬಿಎಸ್‌ಗೆ ಒಂದು, ಜೆ-16ಕ್ಕೆ ಜೋಡಿ. ಹೆಚ್ಚು ಇಂಧನ, ಹೆಚ್ಚು ಬಾಂಬು ಹೊತ್ತು ಭಾರವಾದ ವಿಮಾನಕ್ಕೆ ಒಂಟಿ ಗಾಲಿ ಸಾಲದು. ಚೀನಾಕ್ಕೆ ರಷ್ಯಾದಿಂದಲೇ ಬಂದ ಸುಖೋಯ್-30 ಎಂಕೆಕೆಗೂ ಜೋಡಿ ಗಾಲಿಯಿದೆ, ಆದರೆ ಅದರ ಮೂತಿಯ ತುದಿಯಲ್ಲಿ ಸೂಜಿಯಂಥ ವೇಗಮಾಪಕ ಕೊಳವೆ ಇರುತ್ತದೆ. ಜೆ-16ರ ಮೂತಿ ಬೋಳು. ರೆಕ್ಕೆಯ ಎರಡೂ ತುದಿಗಳಲ್ಲಿ ದಪ್ಪ ಕೊಳವೆಯಾಕಾರದ ಪೆಟ್ಟಿಗೆಗಳಿದ್ದು, ಗಾಜಿನ ಮುಂದಿನ ಗುಂಡು ಕಣ್ಣು ಇಲ್ಲದಿದ್ದರೆ ಅದು ಜೆ-16ಡಿ. ಶತ್ರುವಿನ ರೇಡಾರನ್ನು ಕುರುಡು ಮಾಡುವುದು ಅದರ ಕೆಲಸ, 2021ರ ಜುಹಾಯ್‌ನಲ್ಲಿ ಅದನ್ನು ಪ್ರದರ್ಶನಕ್ಕಿಟ್ಟಿದ್ದರು.

ಜೆ-20 ಬಗ್ಗೆ ಇವತ್ತು ಇಷ್ಟು ಸಾಕು: ಎಂಜಿನ್ನಿನ ಹಿಂಬದಿಯ ಕೊಳವೆಯ ಅಂಚು ಗರಗಸದ ಹಲ್ಲಿನಂತಿದ್ದರೆ ಚೀನಾದ್ದೇ ಡಬ್ಲ್ಯುಎಸ್-10 ಎಂಜಿನ್, ಇಲ್ಲದಿದ್ದರೆ ರಷ್ಯಾದ ಎಂಜಿನ್ ಹಾಕಿದ ಮೊದಲ ತಂಡದ್ದು. ಪೈಲಟ್ಟಿನ ಹಿಂದೆ ಬೆನ್ನು ಎತ್ತರಿಸಿಕೊಂಡಿದ್ದರೆ ಹೊಸ ಜೆ-20ಎ.

ನೌಕೆಯಿಂದ ಹಾರುವ ಜೆ-15ರ ಮೇಲೆ ಮಾತ್ರ ನಮ್ಮ ಸೀಮೆಯವರು ಕಣ್ಣಿಡಬೇಕು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನ ಯಾವ ಕದಂಬರ ಕಥೆ ಹೇಳುತ್ತದೆಯೋ, ಅವರ ಹೆಸರು ಹೊತ್ತ ಐಎನ್‌ಎಸ್ ಕದಂಬ ನೌಕಾನೆಲೆ ಕಾರವಾರದಲ್ಲಿದೆ. ವಿಮಾನವಾಹಕ ನೌಕೆ ವಿಕ್ರಮಾದಿತ್ಯದ ನೆಲೆ ಅದೇ. ವಿಕ್ರಮಾದಿತ್ಯದ ಮುಂತುದಿ ಮೇಲಕ್ಕೆ ಬಾಗಿದೆ. ನಮ್ಮ ಮಿಗ್-29ಕೆಗಳು ಆ ಇಳಿಜಾರು ಹತ್ತಿ ಜಿಗಿಯುತ್ತವೆ. ಚೀನಾದ ಲಿಯಾವೊನಿಂಗ್, ಶಾಂಡೊಂಗ್ ನೌಕೆಗಳದ್ದೂ ಅದೇ ಕ್ರಮ. ಅಲ್ಲಿಂದ ಹಾರುವ ಜೆ-15ಕ್ಕೆ ಕೆನಾರ್ಡ್ ಇದೆ, ಮಡಚುವ ರೆಕ್ಕೆಯಿದೆ, ಬಾಲದಡಿ ಕೊಕ್ಕೆಯಿದೆ. ಹೀಗೆ ಜಿಗಿಯುವ ವಿಮಾನ ತನ್ನ ಎಂಜಿನ್ನಿನ ಬಲದಲ್ಲೇ ಮೇಲೇರಬೇಕು, ಆದ್ದರಿಂದ ಇಂಧನವನ್ನೋ ಆಯುಧವನ್ನೋ ಕಡಿಮೆ ಮಾಡಿಕೊಳ್ಳಬೇಕಾಗುತ್ತದೆ. 2025ರ ನವೆಂಬರಿನಲ್ಲಿ ಸೇವೆಗೆ ಬಂದ ಫುಜಿಯಾನ್ ನೌಕೆಯ ಅಟ್ಟ ಸಪಾಟು. ವಿದ್ಯುತ್ಕಾಂತ ಬಲದ ಕವಣೆ ವಿಮಾನವನ್ನು ಎಳೆದು ಎಸೆಯುತ್ತದೆ. ಅದಕ್ಕೆಂದು ಬಂದದ್ದು ಜೆ-15ಟಿ. ಕವಣೆ ಎಳೆಯುವುದು ಮೂತಿಯಡಿಯ ಗಾಲಿಯನ್ನು ಹಿಡಿದು. ಹಾಗಾಗಿ ಆ ಗಾಲಿಯ ಕಂಬ ದಪ್ಪನಾಗಿದ್ದು, ಮುಂದಕ್ಕೆ ಒಂದು ಎಳೆಕಂಬಿ ಚಾಚಿಕೊಂಡಿದ್ದರೆ, ಅದು ಹೊಟ್ಟೆ ತುಂಬ ಇಂಧನ, ರೆಕ್ಕೆ ತುಂಬ ಕ್ಷಿಪಣಿ ಹೊತ್ತು ಸಮುದ್ರದಲ್ಲಿ ಬಹುದೂರ ಬರಬಲ್ಲ ವಿಮಾನ. ಕಂಬಿ ಇಲ್ಲದಿದ್ದರೆ ಹಳೆಯ ಜೆ-15.