ಪೋಸ್ಟರಿನಲ್ಲಿಲ್ಲದ ನಾಯಕರು

ಬಂಡೀಪುರ ಹುಲಿ ಯೋಜನೆಗೆ ಸೇರಿದ 1973ರಲ್ಲೇ ‘ಗಂಧದ ಗುಡಿ’ ತೆರೆಕಂಡಿತು. ಅರಣ್ಯಾಧಿಕಾರಿಯಾಗಿ ಕಾಡುಗಳ್ಳರನ್ನು ಎದುರಿಸಿದ ಗಾಜನೂರಿನ ರಾಜ್‌ಕುಮಾರ್ ಚಾಮರಾಜನಗರದವರಿಗೆ ಮನೆಮಗನೇ. ನನ್ನ ಮೆಚ್ಚುಗೆ ಮಾತ್ರ ಪೋಸ್ಟರಿನಲ್ಲಿ ಮುಖವೇ ಇಲ್ಲದ ಕಳ್ಳಬೇಟೆ ತಡೆ ಶಿಬಿರದ ಕಾವಲುಗಾರರಿಗೆ. ಅವರಲ್ಲಿ ಸೋಲಿಗರು, ಜೇನುಕುರುಬರು ಬಹಳ. ಹಲವರದು ಕಾಯಂ ಅಲ್ಲದ ಕೆಲಸ. ಹುಲಿಯ ಹೆಜ್ಜೆ ಓದುತ್ತಾರೆ, ಆನೆಯ ವಾಸನೆ ಹಿಡಿಯುತ್ತಾರೆ, ಬೇಸಿಗೆಗೆ ಮುಂಚೆ ಬೆಂಕಿರೇಖೆ ಸವರುತ್ತಾರೆ. ಆದರೂ ಒಣಗಿದ ಲಂಟಾನ ಪೊದೆಗೆ ಕಿಡಿ ತಾಗಿದರೆ ಹಸಿ ಸೊಪ್ಪೇ ಆಯುಧ. 2019ರ ಫೆಬ್ರುವರಿಯ ಬಂಡೀಪುರದ ಕಾಳ್ಗಿಚ್ಚಿನಲ್ಲಿ ವಾಯುಪಡೆಯ ಹೆಲಿಕಾಪ್ಟರ್ ನೀರು ಸುರಿದದ್ದು ದೊಡ್ಡ ಸುದ್ದಿ. ಕೆಳಗೆ ಹೊಗೆಯಲ್ಲಿ ಸೊಪ್ಪು ಬಡಿದವರ ಹೆಸರು ಯಾರಿಗೆ ನೆನಪಿದೆ? ಸಾಹಸಕ್ಕೆ ಮಳೆಕಾಡನ್ನೇ ಹುಡುಕುವ ಕಾದಂಬರಿಕಾರರು ಒಮ್ಮೆ ಬಂಡೀಪುರದ ಪಕ್ಕದ ಗುಂಡ್ಲುಪೇಟೆಗೆ ಬರಲಿ. ಇಲ್ಲಿನದು ಮಳೆಕಾಡಲ್ಲ, ಒಣ ಎಲೆಯುದುರು ಕಾಡು. ಆದರೆ ಖಳನಾಯಕ ಲಂಟಾನ ಪ್ರತಿ ಪುಟದಲ್ಲೂ ಸಿಗುತ್ತಾನೆ.