ಮೊದಲು ಹುಬ್ಬು, ಆಮೇಲೆ ಮುಖ

ಗಜೇಂದ್ರಗಡದ ಹಳೆಯ ಮನೆಯೊಂದರ ಪಡಸಾಲೆಯಲ್ಲಿ ಗಾಜಿನ ಪಟವೊಂದು ತೂಗುತ್ತಿದೆ. ಕೃಷ್ಣ ಬೆಣ್ಣೆ ತಿನ್ನುತ್ತಿದ್ದಾನೆ, ಎಡಗೈಯಲ್ಲಿ. ಮನೆಯ ಅಜ್ಜಿಯನ್ನು ಕೇಳಿದೆ. "ನಮ್ಮತ್ತಿ ಕಾಲದಾಗೂ ಹಿಂಗ ಇತ್ತಂತ ತಮ್ಮಾ. ದೇವರಿಗೆ ಎಡ ಯಾವ್ದು, ಬಲ ಯಾವ್ದು?" ಅಂದರು.

ನನಗಂತೂ ಆ ಎಡಗೈ ಕಂಡು ಜೀವ ಹಿಗ್ಗಿತು. ಅಚ್ಚಿನ ಪಟಕ್ಕೆ ಗಾಜು ಹಾಕಿದ್ದಲ್ಲ ಇದು, ಗಾಜಿನ ಬೆನ್ನಿಗೇ ಬಣ್ಣ ಹಚ್ಚಿ ಬರೆದದ್ದು. ಕರಡಿನ ಮೇಲೆ ಗಾಜಿಟ್ಟು ಗೆರೆ ಎಳೆದು ಮಗುಚಿದರೆ ಬಲ ಎಡವಾಗುತ್ತದೆ. ಕರಡನ್ನೇ ಮೊದಲು ತಿರುಗಿಸಿಕೊಳ್ಳದಿದ್ದರೆ ಕೃಷ್ಣ ಎಡಚನಾಗುತ್ತಾನೆ.

ಇದರ ಕಷ್ಟ ಬೇರೆಯೇ. ಬಟ್ಟೆಯ ಮೇಲೆ ಬರೆಯುವವನು ಕೊನೆಗೆ ಮಾಡುವುದನ್ನು ಇಲ್ಲಿ ಮೊದಲೇ ಮಾಡಬೇಕು. ಕಣ್ಣಿನ ಹೊಳಪು, ಹುಬ್ಬಿನ ಗೆರೆ, ಮೂಗುತಿಯ ಮುತ್ತು ಮೊದಲು; ಅದರ ಮೇಲೆ ಕೆನ್ನೆಯ ಬಣ್ಣ; ಆಮೇಲೆ ಉಡುಗೆ; ಎಲ್ಲಕ್ಕೂ ಕೊನೆಗೆ ಹಿನ್ನೆಲೆ. ಹುಬ್ಬು ಸೊಟ್ಟಗಾದದ್ದು ಕೆನ್ನೆ ತುಂಬಿದ ಮೇಲೆ ಕಂಡರೆ ಎಲ್ಲವನ್ನೂ ಕೆರೆದು ತೆಗೆಯಬೇಕು.

18ನೇ ಶತಮಾನದಲ್ಲಿ ಇದನ್ನು ದೊಡ್ಡ ವ್ಯಾಪಾರ ಮಾಡಿದವರು ಚೀನಾದ ಕ್ಯಾಂಟನ್ನಿನ ಚಿತ್ರಗಾರರು. ಯುರೋಪಿನಿಂದ ಕನ್ನಡಿಗಳು ಹಡಗೇರಿ ಅಲ್ಲಿಗೆ ಬರುತ್ತಿದ್ದವು. ಬೆನ್ನಿನ ಪಾದರಸ, ತವರದ ಲೇಪವನ್ನು ಬೇಕಾದಷ್ಟೇ ಕೆರೆದು ಆ ಜಾಗದಲ್ಲಿ ಹಕ್ಕಿ, ಹೂವು, ಕೊಳದ ಬದಿಯ ಹೆಂಗಸರನ್ನು ಬರೆದು ತಿರುಗಿ ಕಳಿಸುತ್ತಿದ್ದರು. ಉಳಿದ ಭಾಗ ಕನ್ನಡಿಯಾಗಿಯೇ ಇರುತ್ತಿತ್ತು. ಇಂಗ್ಲೆಂಡಿನ ಸಾಲ್ಟ್ರಮ್ ಬಂಗಲೆಯಲ್ಲಿ ಅಂಥವು ಇಂದಿಗೂ ಇವೆ. ಮುಖ ನೋಡಿಕೊಳ್ಳಲು ಹೋದವರು ಚೀನಾದ ತೋಟದೊಳಗೆ ನಿಂತಿರುತ್ತಾರೆ!

ಮುಂಬೈಯಿಂದ ಹತ್ತಿ, ಅಫೀಮು ಹೊತ್ತು ಹೋದ ಹಡಗುಗಳ ದಾರಿಯಲ್ಲೇ ಈ ಕಸುಬು ನಮ್ಮ ಕಡೆಗೂ ಬಂತು. ಕಚ್ಛ್, ಸಾತಾರೆಗಳಲ್ಲಿ ಚೀನೀ ಚಿತ್ರಗಾರರು ಕೆಲಸ ಮಾಡಿದರು. ಮೈಸೂರು, ತಂಜಾವೂರಿನವರು ಅದನ್ನು ದೇವರ ಪಟಕ್ಕೆ ಒಗ್ಗಿಸಿದರು. ಇತ್ತ ನರಗುಂದದ ಭಾವೆ, ಗಜೇಂದ್ರಗಡದ ಘೋರ್ಪಡೆ ಮನೆತನಗಳಿಗೆ ಮರಾಠಾ ರಾಜ್ಯದ ನಂಟಿತ್ತು. 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದಕ್ಕೆ ಮುತ್ತಿಗೆ ಹಾಕಿದಾಗ ಮರಾಠರೊಡನೆ ಹೊತ್ತಿದ ಜಗಳ 1787ರ ಗಜೇಂದ್ರಗಡದ ಒಪ್ಪಂದದಲ್ಲಿ ಆರಿತು. ಪುಣೆಗೂ ಮೈಸೂರಿಗೂ ನಡುವಿನ ಈ ಎರಿಭೂಮಿಯ ಪಡಸಾಲೆಯಲ್ಲಿ ಗಾಜಿನ ಕೃಷ್ಣ ಸಿಕ್ಕರೆ ನನಗೆ ಅಚ್ಚರಿಯಿಲ್ಲ. 1894ರಲ್ಲಿ ರವಿವರ್ಮರ ಅಚ್ಚುಕೂಟ ಶುರುವಾದ ಮೇಲೆ ಅಗ್ಗದ ಕಾಗದದ ಲಕ್ಷ್ಮಿ, ಸರಸ್ವತಿಯರು ಮನೆಮನೆಗೆ ಬಂದರು. ಗಾಜಿನ ಪಟಗಳು ಅಟ್ಟ ಸೇರಿದವು.

ರೋಣದ ಕಡೆ ಅಟ್ಟದಿಂದ ಇಳಿದ ಅಂಥದ್ದೇ ಒಂದು ಪಟ ನನ್ನ ಕೈಯಲ್ಲೇ ಹಾಳಾಯಿತು. ಆಗ ನನಗೆ ಇಪ್ಪತ್ತು ವರ್ಷ. ಚೌಕಟ್ಟು ಬಿಚ್ಚಿ, ಹಿಂಬದಿಯ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಮೊದಲು ಹಿನ್ನೆಲೆಯ ಹಸಿರು ಬಟ್ಟೆಗೆ ಬಂತು, ಮರುಕ್ಷಣ ಗುಲಾಬಿ ಕೆನ್ನೆ. ಗಾಬರಿಯಿಂದ ತಿರುಗಿಸಿ ನೋಡಿದರೆ ಗಾಜಿನಲ್ಲಿ ಹುಬ್ಬೊಂದೇ ಕಪ್ಪಗೆ ನಿಂತಿತ್ತು. ಅದರ ಹಿಂದೆ ನನ್ನ ಬೆರಳುಗಳು ಕಾಣುತ್ತಿದ್ದವು. ಆ ನೋವು ಇನ್ನೂ ಇದೆ.

ಆದ್ದರಿಂದ ಕೈಮುಗಿದು ಕೇಳುತ್ತೇನೆ: ನಿಮ್ಮ ಮನೆಯಲ್ಲಿ ಇಂಥದ್ದಿದ್ದರೆ ಬೆನ್ನು ಮುಟ್ಟಬೇಡಿ. ಮುಂಬದಿಯನ್ನು ಒಣ, ಮೆತ್ತನೆ ಬಟ್ಟೆಯಿಂದ ಒರೆಸಿದರೆ ಸಾಕು. ಬಿಸಿಲು ಬೀಳುವ, ತೇವ ಹಿಡಿಯುವ ಗೋಡೆಗೆ ತೂಗುಹಾಕಬೇಡಿ. ಬಣ್ಣ ಹೊಪ್ಪಳೆ ಎದ್ದಿದ್ದರೆ ಗಾಜಿನ ಮುಂಬದಿ ಕೆಳಗೆ, ಬಣ್ಣದ ಬೆನ್ನು ಮೇಲೆ ಮಾಡಿ ಮಲಗಿಸಿಡಿ, ಎದ್ದ ಬಣ್ಣ ಉದುರದೆ ಗಾಜಿನ ಮೇಲೇ ಉಳಿಯುತ್ತದೆ.

ಗಜೇಂದ್ರಗಡದ ಅಜ್ಜಿಗೂ ಇದನ್ನೇ ಹೇಳಿದೆ. "ಹಿಂದ ಯಾಕ ಮುಟ್ಟೂಣೋ ತಮ್ಮಾ, ಅಂವ ಈ ಕಡೀನ ನೋಡ್ತಾನಲ್ಲ," ಅಂದು ಸೆರಗಿನ ತುದಿಯಿಂದ ಗಾಜಿನ ಮೇಲಿನ ಧೂಳು ಒರೆಸಿದರು.