ಹುಳುಕು ಹಲ್ಲಿಗೆ ಲಸಿಕೆ: ಭರವಸೆಯಲ್ಲಿರುವ ಲೋಪ

ರೋಗಾಣು, ಪ್ರತಿಕಾಯ, ಲಸಿಕೆ - ಈ ಮೂರನ್ನೂ ಒಂದೇ ಸರಪಳಿಯಾಗಿ ಪೋಣಿಸಿ ಪಾಠ ಹೇಳುವುದು ರೂಢಿ. ಸಿಡುಬು, ಪೋಲಿಯೊಗಳಿಗೆ ಇದು ಸರಿಯೇ. ಹಲ್ಲಿನ ಹುಳುಕಿಗೂ ಲಸಿಕೆ ಬರಲಿದೆ ಎಂದು ಜನಪ್ರಿಯ ಬರಹಗಳು ದಶಕಗಳಿಂದ ಹೇಳುತ್ತಿವೆ. ಆದರೆ ಬಳಕೆಗೆ ಅನುಮತಿ ಪಡೆದ ಅಂತಹ ಲಸಿಕೆ ಇಂದಿಗೂ ಇಲ್ಲ. ಕಾರಣವೇನು?

ಹುಳುಕಿಗೆ ಹುಳು ಕಾರಣವಲ್ಲವೆಂಬುದು ನಿಮಗೆ ತಿಳಿದೇ ಇದೆ. 1924ರಲ್ಲಿ ಕ್ಲಾರ್ಕ್ ಎಂಬಾತ ಹುಳುಕು ಹಲ್ಲಿನಿಂದ 'ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್' ಬ್ಯಾಕ್ಟೀರಿಯವನ್ನು ಬೇರ್ಪಡಿಸಿದ. ಬ್ಯಾಕ್ಟೀರಿಯಗಳೇ ಇಲ್ಲದ ಪರಿಸರದಲ್ಲಿ ಬೆಳೆಸಿದ ಇಲಿಗಳಿಗೆ ಸಕ್ಕರೆ ತಿನ್ನಿಸಿದರೂ ಹುಳುಕು ಬರುವುದಿಲ್ಲವೆಂದು 1954ರಲ್ಲಿ ಆರ್ಲೆಂಡ್ ಮತ್ತು ಸಂಗಡಿಗರು ತೋರಿಸಿದರು. ಬ್ಯಾಕ್ಟೀರಿಯ ಸಕ್ಕರೆಯನ್ನು ಆಮ್ಲವಾಗಿಸುತ್ತದೆ; ಪಿಎಚ್ ಸುಮಾರು 5.5ಕ್ಕಿಂತ ಇಳಿದಾಗ ಎನಾಮಲ್ ಕರಗತೊಡಗುತ್ತದೆ.

ಇದರ ವಿರುದ್ಧ ದೇಹ ಸುಮ್ಮನಿರುವುದಿಲ್ಲ. ಎಳೆಯ ಮಕ್ಕಳ ಜೊಲ್ಲಿನಲ್ಲಿಯೇ ಈ ಬ್ಯಾಕ್ಟೀರಿಯದ ವಿರುದ್ಧ ಐಜಿಎ ಪ್ರತಿಕಾಯಗಳಿರುತ್ತವೆ. ಆದರೂ ಹುಳುಕು ಬರುತ್ತದೆ. ಎನಾಮಲಿಗೆ ರಕ್ತನಾಳಗಳಿಲ್ಲ, ಬಿಳಿ ರಕ್ತಕಣಗಳು ಅಲ್ಲಿಗೆ ಬರಲಾರವು. ಪ್ರತಿಕಾಯಗಳು ಜೊಲ್ಲಿನ ಮೂಲಕ, ಒಸಡಿನಂಚಿನಿಂದ ಜಿನುಗುವ ದ್ರವದ ಮೂಲಕ ಮಾತ್ರ ತಲುಪಬೇಕು. ಅಲ್ಲಿ ಅಂಟಾದ ಪದರದೊಳಗೆ ಬ್ಯಾಕ್ಟೀರಿಯಗಳು ಅಡಗಿರುತ್ತವೆ.

1970ರ ದಶಕದಲ್ಲಿ ಲಂಡನ್ನಿನ ಲೇನರ್ ಕೋತಿಗಳಿಗೆ ಲಸಿಕೆ ಹಾಕಿ ಹುಳುಕನ್ನು ತಗ್ಗಿಸಿದ್ದು ನಿಜ. ಆದರೆ ಈ ಬ್ಯಾಕ್ಟೀರಿಯ ಚುಚ್ಚಿದ ಮೊಲಗಳಲ್ಲಿ ಹೃದಯದ ಸ್ನಾಯುವಿಗೂ ಅಂಟುವ ಪ್ರತಿಕಾಯಗಳು ಕಂಡುಬಂದವು. ಪ್ರಾಣಾಪಾಯವಿಲ್ಲದ ರೋಗಕ್ಕಾಗಿ ಅಂತಹ ಅನುಮಾನವನ್ನು ಹೊತ್ತುಕೊಳ್ಳುವವರು ಯಾರು? 1998ರಲ್ಲಿ ತಂಬಾಕು ಗಿಡದಿಂದ ತಯಾರಿಸಿದ ಪ್ರತಿಕಾಯವನ್ನು ಹಲ್ಲಿಗೆ ಲೇಪಿಸಿದಾಗ ನಾಲ್ಕು ತಿಂಗಳು ಬ್ಯಾಕ್ಟೀರಿಯ ಮರಳಲಿಲ್ಲವೆಂಬ ವರದಿ ಸುದ್ದಿ ಮಾಡಿತು. 2005ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ ಆ ಪರಿಣಾಮ ಕಾಣಲಿಲ್ಲ. ಅದು ಮಾತ್ರ ಸುದ್ದಿಯಾಗಲಿಲ್ಲ! ಆಮ್ಲ ತಯಾರಿಸುವ ಬ್ಯಾಕ್ಟೀರಿಯಗಳು ಬಾಯಿಯಲ್ಲಿ ಇನ್ನೂ ಹಲವಿವೆ. ಸಕ್ಕರೆ ಇರುವವರೆಗೆ ಒಂದರ ಜಾಗಕ್ಕೆ ಮತ್ತೊಂದು ಬರಬಲ್ಲದು.

ರಾಯಚೂರು ಜಿಲ್ಲೆಯ ತರಗತಿಗಳಲ್ಲಿ ಈ ಸರಪಳಿ ಇನ್ನೊಂದು ರೀತಿಯಲ್ಲಿ ಎಡವುತ್ತದೆ. ಜಿಲ್ಲೆಯ ಅನೇಕ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿಮೀರಿದೆ, ಲೀಟರಿಗೆ 1.5 ಮಿಲಿಗ್ರಾಂ ಎಂಬುದು ಗರಿಷ್ಠ ಮಿತಿ. ಯಾಪಲದಿನ್ನಿ, ದೇವದುರ್ಗ ಅಥವಾ ಮಾನ್ವಿಯ ಶಾಲೆಯಲ್ಲಿ ಮಗುವಿನ ಹಲ್ಲು ಕಂದು ಬಣ್ಣದ್ದಾಗಿದ್ದರೆ ಅದು ಹುಳುಕೇ ಆಗಿರಬೇಕಿಲ್ಲ. ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಹೆಚ್ಚಿನ ಫ್ಲೋರೈಡ್ ಮಾಡಿದ ಹಾನಿಯೂ ಆಗಿರಬಹುದು. ಅಲ್ಲಿ ರೋಗಾಣುವೂ ಇಲ್ಲ, ಪ್ರತಿಕಾಯದ ಪ್ರಶ್ನೆಯೂ ಇಲ್ಲ. 'ನೀನು ಸರಿಯಾಗಿ ಹಲ್ಲುಜ್ಜುವುದಿಲ್ಲ' ಎಂದು ಆ ಮಗುವನ್ನು ಗದರಿಸುವುದು ಅನ್ಯಾಯ.

ಫ್ಲೋರೈಡ್ ಕಲೆಗಳು ಸಾಮಾನ್ಯವಾಗಿ ಎಡಬಲದ ಜೋಡಿ ಹಲ್ಲುಗಳಲ್ಲಿ ಒಂದೇ ತೆರನಾಗಿ, ಅಡ್ಡಗೆರೆಗಳಂತೆ ಕಾಣುತ್ತವೆ. ಹುಳುಕು ಹೆಚ್ಚಾಗಿ ದವಡೆ ಹಲ್ಲಿನ ಸೀಳುಗಳಲ್ಲಿ, ಹಲ್ಲುಗಳ ಸಂದಿಯಲ್ಲಿ ಕುಳಿಯಾಗುತ್ತದೆ. ಎರಡೂ ಒಟ್ಟಿಗೇ ಇರಬಹುದು, ದಂತವೈದ್ಯರೇ ನಿರ್ಧರಿಸಬೇಕು. ಮೊದಲನೆಯದಕ್ಕೆ ಕುಡಿಯುವ ನೀರಿನ ಪರೀಕ್ಷೆ ಮಾಡಿಸಿ. ಎರಡನೆಯದಕ್ಕೆ ಪದೇಪದೇ ಸಿಹಿ ತಿನ್ನುವುದನ್ನು ತಗ್ಗಿಸಿ. ಬಾರದ ಲಸಿಕೆಗೆ ಕಾಯುತ್ತ ಈ ಕೆಲಸಗಳನ್ನು ಮುಂದೂಡಬೇಡಿ.